ವೈರು ಎಳೆಯದ ಚೌಕ

ಸವಣೂರಿನ ಮೈಕಿನ ಬಸವಣ್ಣೆಪ್ಪನ ಗಂಟಲಿನ ಧ್ವನಿಪೆಟ್ಟಿಗೆಯನ್ನು ಡಾಕ್ಟರು ತೆಗೆದು ಎರಡು ವರ್ಷವಾಯಿತು. ಆಟೋಕ್ಕೆ ಮೈಕು ಕಟ್ಟಿಕೊಂಡು ಶಿಗ್ಗಾಂವಿ, ಹಾನಗಲ್ಲಿನವರೆಗೂ ಒದರಿಕೊಂಡು ಬಂದ ಮನುಷ್ಯ. ಕರೆಂಟ್ ಹೋಗುವ ಸುದ್ದಿ, ಬಟ್ಟೆ ಅಂಗಡಿಯ ರಿಯಾಯಿತಿ, ಸತ್ತವರ ಹೆಸರು, ಎಲ್ಲಕ್ಕೂ ಅವನದೇ ಗಂಟಲು. ಬಾಯಿದ್ದವ ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರಲ್ಲ, ಅಂಥ ಬಾಯಿಗೆ ಕ್ಯಾನ್ಸರ್ ಬರುವವರೆಗೂ ಗುಟಕಾ ಸುರಿದ. ಯಾರ ಮಾತನ್ನಾದರೂ ಕೇಳಿದನೇ? ಇಲ್ಲ.

ಆಪರೇಷನ್ನಿಗೆ ಮೊದಲು ಒಂದು ಶಾಣ್ಯಾತನ ಮಾಡಿದ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು ಕುಳಿತು ಒಂದು ಪುಕ್ಕಟೆ ಸಾಫ್ಟ್‌ವೇರ್ ಕಲಿತ. ಅದರಲ್ಲಿ ಪರದೆಯ ಮೇಲೆ ಚೌಕಗಳನ್ನಿಟ್ಟು, ಒಂದರಿಂದ ಇನ್ನೊಂದಕ್ಕೆ ವೈರಿನಂತೆ ಗೆರೆ ಎಳೆದರೆ ಸದ್ದು ಹೊರಡುತ್ತದೆ. ಜೀವನವೆಲ್ಲ ಸ್ಪೀಕರಿಗೆ ವೈರು ಎಳೆದವನಿಗೆ ಅದೇನು ಮಹಾ! ತನ್ನ ಮಾತುಗಳನ್ನು ರೆಕಾರ್ಡ್ ಮಾಡಿ ಚೌಕಕ್ಕೊಂದರಂತೆ ತುಂಬಿದ. ಒತ್ತಿದರೆ ಅವನದೇ ದನಿ. ದಂಧೆಗೆ ಊರುಗಳ ಹೆಸರು, ಮನೆಗೆ ‘ಚಹಾ’, ‘ನೀರು’, ‘ಹೌದು’, ‘ಬ್ಯಾಡ’.

ಹೆಂಡತಿಯನ್ನು ಕರೆಯಲು ಮಾತ್ರ ಏನೂ ಇರಲಿಲ್ಲ. ನಮ್ಮ ಕಡೆ ಹಳಬರು ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ ಎಲ್ಲರೂ ಕಾಡಿದಾಗ ಒಡಪು ಕಟ್ಟಿ, ಪದದ ಕೊನೆಗೆ ಹೆಸರು ಸೇರಿಸಿ ಹೇಳಿದರೆ ಅದೇ ಕೊನೆ. ಆಮೇಲೆಲ್ಲ ‘ಏ, ಕೇಳಿಲ್ಲಿ’. ಈಗ ಅದೂ ಹೋಗಿ, ಬಸವಣ್ಣೆಪ್ಪ ಲೋಟ ಬಡಿಯುತ್ತಿದ್ದ. ಊರಿಗೆಲ್ಲ ವೀರಕ್ಕ ಆಗಿದ್ದ ಹೆಂಡತಿ ಎದ್ದು ಬರುತ್ತಿದ್ದಳು.

ಹೋದ ತಿಂಗಳು ಅವನ ಲ್ಯಾಪ್‌ಟಾಪ್ ಸತ್ತಿತು. ನಾನೇ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಹಳೆಯದೊಂದನ್ನು ಕೊಟ್ಟು, ಎಲ್ಲವನ್ನೂ ಅದಕ್ಕೆ ತುಂಬಿ ಕಳಿಸಿದೆ. ಮರುದಿನ ವೀರಕ್ಕನ ಫೋನು.

“ಜಾವೇದ, ಅವರ ದನಿ ಮತ್ತ ಹೋತು ನೋಡಪಾ.”

ಹಾಲು ತೀರಿತು ಅನ್ನುವ ಹಾಗೆ ಹೇಳಿದಳು. ಹೋದೆ. ಬಸವಣ್ಣೆಪ್ಪ ಗೋಡೆ ನೋಡುತ್ತ ಕುಳಿತಿದ್ದ. ವೀರಕ್ಕ ರೊಟ್ಟಿ ತಟ್ಟುತ್ತಿದ್ದಳು.

“ಚಿಂತಿ ಮಾಡಬ್ಯಾಡ್ರಿ ವೀರಕ್ಕ, ಸರಿ ಮಾಡ್ತೇನಿ.”

“ಚಿಂತಿ ಎಲ್ಲೈತಿ? ಅಳು ಬರಂಗಿಲ್ಲ, ಸಿಟ್ಟೂ ಬರಂಗಿಲ್ಲ. ಜೋಮು ಹಿಡದಂಗ ಆಗೇತಿ. ಲೋಟ ಬಡದ್ರ ಏಳ್ತೇನಿ. ಒಮ್ಮೆರ ಹೆಸರು ಹಿಡದು ಕರೀಲಿ ಅನ್ನೋದೊಂದು ಆಸೆ ಇತ್ತು. ಈಗ ಅದೂ ಸತ್ತೈತಿ.”

ನಾನು ತಲೆ ತಗ್ಗಿಸಿ ಕೆಲಸಕ್ಕೆ ಕುಳಿತೆ.

ಮಾತುಗಳೆಲ್ಲ ಇದ್ದಲ್ಲೇ ಇದ್ದವು. ಕೆಟ್ಟಿದ್ದು ವಿಳಾಸ. ಪ್ರತಿ ಚೌಕದಲ್ಲೂ ಫೋಲ್ಡರಿನ ಹೆಸರು, ಒಂದು ಓರೆ ಗೆರೆ, ಫೈಲಿನ ಹೆಸರು. ಈ ಪುಣ್ಯಾತ್ಮ ವಿಂಡೋಸಿನ ರೂಢಿಯಂತೆ ಗೆರೆಯನ್ನು ಎಡಕ್ಕೆ ವಾಲಿಸಿ ಬರೆದಿದ್ದ. ಅಲ್ಲಿ ಅದು ನಡೆಯಿತು. ಲಿನಕ್ಸಿಗೆ ಗೆರೆ ಬಲಕ್ಕೇ ವಾಲಬೇಕು, ಇಲ್ಲದಿದ್ದರೆ ಫೋಲ್ಡರೇ ಸಿಗುವುದಿಲ್ಲ. ಒಂದೊಂದೇ ಚೌಕ ತೆರೆದು ತಿದ್ದಿದೆ. ‘ನೀರು’ ಅಂದಿತು. ‘ಬ್ಯಾಡ’ ಅಂದಿತು. ವೀರಕ್ಕ ತಿರುಗಿಯೂ ನೋಡಲಿಲ್ಲ.

ಮೂಲೆಯಲ್ಲಿ ಒಂದು ಚೌಕ ಉಳಿದಿತ್ತು. ಅದಕ್ಕೆ ವೈರೇ ಎಳೆದಿರಲಿಲ್ಲ. ಮರೆತಿದ್ದಾನೆ ಅಂದುಕೊಂಡು ಗೆರೆ ತಿದ್ದಿ, ವೈರು ಎಳೆದು ಒತ್ತಿದೆ. ಬಸವಣ್ಣೆಪ್ಪ ಗಾಬರಿಯಿಂದ ಕೈ ಚಾಚಿದ. ಅಷ್ಟರಲ್ಲಿ ದನಿ ಹೊರಟಿತ್ತು.

“ಎಲಿಬಳ್ಳಿಗೆ ನುಗ್ಗಿಯ ಆಸರ, ನನ್ನ ನಾಲಿಗಿಗೆ ವೀರವ್ವನ ಹೆಸರ.”

ರೊಟ್ಟಿ ತಟ್ಟುವ ಸದ್ದು ನಿಂತಿತು. ವೀರಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮುಖದಲ್ಲಿ ಏನೂ ಇರಲಿಲ್ಲ.

“ಇಷ್ಟ ದಿನ ಇಟಗೊಂಡು, ಲೋಟ ಯಾಕ ಬಡದ್ರಿ?”

ಬಸವಣ್ಣೆಪ್ಪ ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡ. ‘ಹೌದು’ ಇತ್ತು, ‘ಬ್ಯಾಡ’ ಇತ್ತು, ‘ಹಾನಗಲ್ಲು’ ಇತ್ತು. ‘ನಾಚಿಕಿ’ ಅನ್ನುವ ಮಾತನ್ನು ಅವನು ರೆಕಾರ್ಡ್ ಮಾಡಿರಲಿಲ್ಲ. ಬೆರಳು ಎಲ್ಲದರ ಮೇಲೂ ಸುತ್ತಿ ಬಂದು ಮೂಲೆಯ ಚೌಕವನ್ನೇ ಒತ್ತಿತು.

ಒಡಪಿನ ಕೊನೆಗೆ ತನ್ನ ಹೆಸರು ಬಂದು ಮುಗಿಯುವವರೆಗೂ ಅವಳು ಅಲ್ಲಾಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ “ಓ” ಅಂದಳು.