ಕಸ್ತೂರಿಯ ಬರಹದ ಬಗ್ಗೆ ನಾನು ಹೇಳಿದ ಸುಳ್ಳು

ಕಸ್ತೂರಿ, ನಿನ್ನ ಬರಹ ಸ್ವಂತದ್ದಲ್ಲ ಎಂದು ಆ ಭಾನುವಾರ ಹತ್ತು ಮಂದಿಯ ಎದುರು ನಾನು ಹೇಳಿದ್ದು ಸುಳ್ಳು. ಬಾಯಿತಪ್ಪಿ ಬಂದ ಮಾತೂ ಅಲ್ಲ — ಎರಡು ದಿನ ಮನಸ್ಸಿನಲ್ಲೇ ಮಸೆದು ಇಟ್ಟುಕೊಂಡಿದ್ದ ಸುಳ್ಳು.

ನಿನಗೆ ಗೊತ್ತಿದ್ದುದನ್ನೂ ಹೇಳುತ್ತೇನೆ; ಓದುವ ಉಳಿದವರಿಗೂ ತಿಳಿಯಲಿ. ಎರಡು ಸಾವಿರದ ಐದರ ಸುಮಾರು. ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಬಾಹುಬಲಿ, ನಮ್ಮ ಸೀಮೆಯ ಅಡುಗೆ, ಆಚರಣೆಗಳ ಬಗ್ಗೆ ಕನ್ನಡದಲ್ಲೇ ಒಂದು ವೆಬ್‌ಸೈಟ್ ತೆರೆಯಲು ಹೊರಟಿದ್ದ. ಮನೆಯಲ್ಲೇ ಕೂತು ವಾರಕ್ಕೊಂದು ಲೇಖನ ಬರೆದುಕೊಡುವ ಒಬ್ಬರು ಬೇಕಾಗಿದ್ದರು. ಅವನದು ಒಂದೇ ಹಟ — ಇನ್ನೊಬ್ಬರದನ್ನು ಎತ್ತಿ ಬರೆದದ್ದು ಬೇಡ. ಆದರೆ ಪತ್ತೆ ಹಚ್ಚುವುದು ಹೇಗೆ? ಆಗ ಕಂಪ್ಯೂಟರಿನಲ್ಲಿ ಕನ್ನಡ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ.

"ಕಾಕಾ, ಈ ಡಬ್ಬಿಗೆ ಕಳವು ಹಿಡ್ಯಾಕ ಬರೂದಿಲ್ರಿ," ಎಂದ ಬಾಹುಬಲಿ. "ಗೋಕಾಕದಿಂದ ಹುಕ್ಕೇರಿ ತನಕಾ ಹಳೇ ಮಂದಿ ಆಡಿದ ಮಾತೆಲ್ಲಾ ನಿಮ್ಮ ತಲ್ಯಾಗ ಅದಾವು. ನೀವು ಸ್ವಂತದ್ದು ಅಂದ್ರ ಸ್ವಂತದ್ದು."

ಖರೆ ಹೇಳಬೇಕೆಂದರೆ ನಾನೂ ಒಂದು ಲೇಖನ ಬರೆದುಕೊಟ್ಟಿದ್ದೆ. ಕೌಜಲಗಿಯ ನನ್ನ ಅಜ್ಜಿಯಿಂದ ಕಲಿತ ಕತೆ ಅದು. ಮದುವೆ ಮನೆಗಳಲ್ಲಿ ಅದನ್ನು ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಹುಬಲಿ ಓದಿ, ತಲೆ ಕೆರೆದುಕೊಂಡು, "ನೀವು ಹೇಳಿದ್ರ ಜೀವ ಇರತೈತಿ ಕಾಕಾ. ಬರದದ್ದು ಯಾಕೋ ಸಪ್ಪಗಾಗೇತ್ರಿ," ಎಂದಿದ್ದ. ನಕ್ಕು ತಲೆಯಾಡಿಸಿದ್ದೆ. ಆ ಮಾತು ಒಳಗೆ ಹೋಗಿ ಕೂತದ್ದು ಯಾರಿಗೂ ಕಾಣಲಿಲ್ಲ.

ಕೆಲಸ ಬೇಕೆಂದವರು ಒಂದು ಲೇಖನ ಬರೆದು ಕಳಿಸಬೇಕಿತ್ತು; ಬಸ್ ಸ್ಟ್ಯಾಂಡಿಗೆ ಹತ್ತಿರ ಎಂದು ಆ ಲಕೋಟೆಗಳೆಲ್ಲ ನನ್ನ ಮನೆಗೇ ಬರುತ್ತಿದ್ದವು. ನಾನು ಅವನ್ನು ಒಡೆಯುವಂತಿರಲಿಲ್ಲ. ಭಾನುವಾರ ಕ್ಲಾಸಿನಲ್ಲಿ ಎಲ್ಲರೆದುರು ಒಡೆದು, ಬರೆದವರ ಹೆಸರು ಹೇಳದೆ, ಗಟ್ಟಿಯಾಗಿ ಓದುವುದು — ಅದು ನಿಯಮ. ಶುಕ್ರವಾರ ಮೂಡಲಗಿ ಬಸ್ಸಿನಲ್ಲಿ ತುಕ್ಕಾನಟ್ಟಿಯಿಂದ ನಿನ್ನ ಲಕೋಟೆ ಬಂತು. ಅಂಟು ಸರಿಯಾಗಿ ಹಿಡಿದಿರಲಿಲ್ಲ. ಸುಮ್ಮನೆ ಒಮ್ಮೆ ನೋಡಿದರಾಯಿತು ಎಂದು...

ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಿಮ್ಮವ್ವ ಓಣಿಯ ಸುದ್ದಿ ಹೇಳುತ್ತಿದ್ದುದನ್ನು ನೀನು ಬರೆದಿದ್ದೆ. ಒಲೆಯ ಮುಂದೆ ಕೂತಲ್ಲೇ ಕಿವಿ ನಿಮಿರಿಸಿ, "ಕೇಳಿಲ್ಲಿ, ಮೂರನೇ ಮನ್ಯಾಕಿ ರೊಟ್ಟಿ ಬಡ್ಯಾಕತ್ತಿಲ್ಲ, ಅತ್ತಿ ಬೆನ್ನು ಬಡ್ಯಾಕತ್ತಾಳ," ಎನ್ನುತ್ತಿದ್ದಳಂತೆ. ಹೊಸ ಸೊಸೆಯ ಸಪ್ಪಳ ಕೇಳಿ, "ಇದು ತವರಿನ ದಾರಿ ನೋಡಿಕೋತ ಬಡದ ರೊಟ್ಟಿ, ಅಂಚಿಗೆ ಹರಿತೈತಿ ನೋಡು," ಎನ್ನುತ್ತಿದ್ದಳಂತೆ.

ಮೊದಲ ಸಲ ಓದಿ ಒಬ್ಬನೇ ನಕ್ಕೆ. ಎರಡನೇ ಸಲ ಬೆರಗಾದೆ. ಮೂರನೇ ಸಲ ಓದುವಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಇಪ್ಪತ್ತೆರಡರ ಹುಡುಗಿ — ಹಾಳೆಯ ಮೇಲೆ ಅವಳ ಅವ್ವ ಎದ್ದು ಕೂತು ಮಾತಾಡುತ್ತಾಳೆ, ನನ್ನ ಅಜ್ಜಿ ಮಾತ್ರ ನನ್ನ ಹಾಳೆಯಲ್ಲಿ ಸತ್ತು ಮಲಗುತ್ತಾಳೆ. ಯಾಕೆ? ಯಾಕೆ ಇವಳಿಗೆ...

ಲಕೋಟೆಗೆ ಹೊಸದಾಗಿ ಅಂಟು ಹಚ್ಚಿದೆ.

ಭಾನುವಾರ ನೀನು ನಿನ್ನ ಅಣ್ಣನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಾಹುಬಲಿ ಲಕೋಟೆ ಒಡೆದು ಎರಡು ಸಾಲು ಓದಿದ್ದನಷ್ಟೆ. ನಾನು ಕೈ ಎತ್ತಿದೆ. "ನಿಲ್ಲಪಾ. ಮುಂದ ಆ ಅವ್ವ ಏನಂತಾಳ, ನಾ ಹೇಳ್ತೇನಿ ಕೇಳು." ಕಣ್ಣು ಮುಚ್ಚಿ, ಅತ್ತೆಯ ಬೆನ್ನಿನ ಮಾತನ್ನೂ ತವರಿನ ದಾರಿಯ ಮಾತನ್ನೂ ಒಂದಕ್ಷರ ಬಿಡದೆ ಹೇಳಿದೆ. ಮಂದಿ ಬಿದ್ದು ಬಿದ್ದು ನಕ್ಕರು. ಬಾಹುಬಲಿ ಹಾಳೆ ನೋಡಿ, "ಅಯ್ಯ, ಇದ್ದಂಗಽ ಐತಲ್ರಿ!" ಎಂದು ಕೂಗಿದ. ನನ್ನ ನೆನಪಿನ ಶಕ್ತಿಗೆ ಚಪ್ಪಾಳೆ ಬಿತ್ತು.

"ನಮ್ಮಜ್ಜಿ ಹೇಳತಿದ್ದ ಮಾತು ಇವು," ಎಂದೆ. "ಸ್ವಂತದ್ದಲ್ಲ."

ನೀನು ಎದ್ದು ನಿಂತೆ. ನನ್ನ ಮೇಲೆ ರೇಗುತ್ತೀ ಎಂದುಕೊಂಡಿದ್ದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಆದರೆ ನೀನು ಮೆಲ್ಲಗೆ ಕೇಳಿದ್ದು ಬೇರೆಯೇ. "ಅವ್ವ ಹ್ವಾದ ವರ್ಷ ತೀರಿಕೊಂಡ್ಳ್ರಿ ಕಾಕಾ. ಇವು ತಾನಽ ಕಟ್ಟಿದ ಮಾತು ಅಂತ ಹೇಳತಿದ್ಳು. ಹಂಗಾರ... ಬ್ಯಾರೆ ಕಡೆ ಕೇಳಿ ಹೇಳಿದ್ಳೇನ್ರಿ?"

ಅಲ್ಲಿಯಾದರೂ ನಿಲ್ಲಬಹುದಿತ್ತು. ಒಂದು ಮಾತು ಸಾಕಿತ್ತು. ನಾನು, "ಇರಬೇಕು ತಂಗಿ," ಎಂದೆ.

ಕೆಲಸ ಇನ್ನೊಬ್ಬರಿಗೆ ಹೋಯಿತು. ನೀನು ಮತ್ತೆ ಬರೆಯಲಿಲ್ಲ ಎಂದು ಕೇಳಿದೆ. ನಾನೋ, ನಿಮ್ಮವ್ವನ ಮಾತುಗಳನ್ನು ನನ್ನ ಅಜ್ಜಿಯ ಬಾಯಿಗೆ ಹಾಕಿ ಮದುವೆ ಮನೆಗಳಲ್ಲಿ ಹೇಳುತ್ತ ಬಂದೆ. ಪ್ರತಿ ಸಲವೂ ನಗು ಬೀಳುತ್ತಿತ್ತು. ಅದನ್ನು ನಾನು ಆಸೆಯಿಂದ ಬಾಚಿಕೊಳ್ಳುತ್ತಿದ್ದೆ.

ಮೂರು ವರ್ಷದ ಮೇಲೆ ಹುಕ್ಕೇರಿಯ ಒಂದು ಮದುವೆಯಲ್ಲಿ ಹೀಗೆಯೇ ಹೇಳಿ ಮುಗಿಸಿದೆ. ಹೆಂಗಸರ ಸಾಲಿನಿಂದ ನೀನು ಎದ್ದು ಬಂದೆ. ಕಂಕುಳಲ್ಲಿ ಕೂಸು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ನಿಮ್ಮ ಬಾಯಾಗ ಕೇಳಿ ನಮ್ಮವ್ವ ಎದ್ದು ಬಂದಂಗ ಆತ್ರಿ ಕಾಕಾ," ಎಂದೆ ನೀನು. ಆಮೇಲೆ ಕೂಸಿನ ಕಡೆ ತಿರುಗಿ ನಗುತ್ತ, "ನಿಮ್ಮಜ್ಜಿ ಭಾಳ ಸುಳ್ಳಬುರಕಿ ಇದ್ದಳು ನೋಡು. ಕಾಕಾನ ಅಜ್ಜಿ ಮಾತು ತಂದು, ನಂದು ನಂದು ಅಂತಿದ್ಳು," ಎಂದೆ.

ಅಂದು ಊಟದ ಎಲೆ ಬಿಟ್ಟು ಎದ್ದು ಬಂದೆ. ನಿನ್ನ ಕೆಲಸ ತಪ್ಪಿಸಿದೆ, ಬರಹ ನಿಲ್ಲಿಸಿದೆ ಎಂದು ಗೊತ್ತಿತ್ತು. ಆದರೆ ಸತ್ತ ತಾಯಿಯನ್ನು ಮಗಳ ಬಾಯಿಂದಲೇ ಸುಳ್ಳಿ ಎನಿಸಿದ್ದೆ — ಆ ಸುಳ್ಳನ್ನು ನೀನು ಈಗ ನಿನ್ನ ಕೂಸಿಗೂ ಕಲಿಸುತ್ತಿದ್ದೆ.

ಇಷ್ಟಾದರೂ ಬಾಯಿ ಬಿಡಲು ನನಗೆ ಮತ್ತಷ್ಟು ವರ್ಷ ಬೇಕಾದವು. ಹೋದ ವಾರ ಬಾಹುಬಲಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನ ವೆಬ್‌ಸೈಟ್ ಮುಚ್ಚಿ ಬಹಳ ಕಾಲವಾಯಿತು. "ನಾವು ಚಪ್ಪಾಳಿ ಹೊಡದಿದ್ವಿ ನಿಮಗ," ಎಂದ. ಚಹಾ ತರಿಸಲಿಲ್ಲ. ನಾನೂ ಕೂರಲಿಲ್ಲ.

ಈ ಹಾಳೆಗಳನ್ನು ಇನ್ಯಾರ ಕೈಯಲ್ಲೂ ಕಳಿಸುವುದಿಲ್ಲ. ತುಕ್ಕಾನಟ್ಟಿಯಲ್ಲಿ ನಿನ್ನ ಅಣ್ಣನನ್ನು ಕೇಳಿಕೊಂಡು, ನಿನ್ನ ಮನೆಗೆ ನಾನೇ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ, ನನ್ನನ್ನು ಮಾತಾಡಿಸಬೇಕೆಂದೂ ಇಲ್ಲ. ನಿನ್ನ ಕೂಸು ಈಗ ದೊಡ್ಡದಾಗಿರಬೇಕು. ಬಾಗಿಲಲ್ಲಿ ನಿಂತು, ಅದಕ್ಕೆ ಕೇಳುವ ಹಾಗೆ, ಒಂದು ಮಾತು ಹೇಳಿ ಹೋಗುತ್ತೇನೆ — ನಿಮ್ಮಜ್ಜಿ ಸುಳ್ಳು ಹೇಳಿರಲಿಲ್ಲ.