ಉದ್ದಣ್ಣನ ಬೋರ್ಡಿಗೆ ಕೊಕ್ಕೆ ಇಟ್ಟದ್ದು

ನನ್ನ ಕೈಬರಹ ಕಾಗೆಕಾಲು ಗುಬ್ಬಿಕಾಲು, ಮಾತುಗಳೂ ಅಷ್ಟಕ್ಕಷ್ಟೆ. ಓದುವವರು ದಯವಿಟ್ಟು ಕ್ಷಮಿಸಬೇಕು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ನಾನು, ಅಂಗಡಿಗಳಿಗೆ ಬೋರ್ಡ್ ಬರೆಯುವ ಚಿಕ್ಕಮ್ಮನ ಹತ್ತಿರ ಕೆಲಸ ಕಲಿಯುತ್ತಿದ್ದೇನೆ. ಬರೆಯಹೊರಟಿರುವುದು ಕ್ಷೌರ ಮಾಡುವ ಉದ್ದಣ್ಣನವರ ಬಗ್ಗೆ.

ಅವರು ಇಪ್ಪತ್ತೆರಡು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ದುಡಿದವರು. ಗಿರಾಕಿಗಳ ಕಿವಿಯ ಮಟ್ಟಕ್ಕೆ ಬಗ್ಗಿ ಬಗ್ಗಿ ಪ್ರಶ್ನೆಚಿಹ್ನೆಯಂತಾಗಿದ್ದಾರೆ. ಮೊನ್ನೆ ಅವರ ಸ್ವಂತ ಅಂಗಡಿ ತೆರೆಯುವ ದಿನ. ಹಳೆಯ ಯಜಮಾನರು ಮೊದಲೇ ಹೇಳಿದ್ದರು: "ಒಂಬತ್ತಕ್ಕೆ ಬರ್ತೀನಿ. ಬೋರ್ಡ್ ಮೇಲಿದ್ರೆ ಮೊದಲ ಗಡ್ಡ ನಂದೇ, ನಿನ್ ಕೈಗೆ ಕೊಡ್ತೀನಿ, ಇಲ್ದಿದ್ರೆ ವಾಪಸ್ ನಮ್ಮಂಗಡಿಗೇ ಬಾ."

ಬೋರ್ಡ್ ಇಂಗ್ಲಿಷಿನಲ್ಲೇ ಬೇಕೆಂದಿದ್ದರು ಉದ್ದಣ್ಣ. ಇಂಗ್ಲಿಷಿನಲ್ಲಿ ಒಬ್ಬರ ವಸ್ತು ಎಂದು ಹೇಳಬೇಕಾದರೆ ಹೆಸರಿನ ನೆತ್ತಿಯ ಪಕ್ಕ ಒಂದು ಪುಟ್ಟ ಕೊಕ್ಕೆ, ಆಮೇಲೆ ಎಸ್ ಅಕ್ಷರ. ನಮ್ಮಲ್ಲಾದರೆ ಉದ್ದಣ್ಣ ಎಂಬುದಕ್ಕೆ ಒಂದು 'ನ' ಅಂಟಿಸಿದರೆ ಮುಗಿಯಿತು. ಚಿಕ್ಕಮ್ಮನದೊಂದು ಪದ್ಧತಿ ಇದೆ: ಎಲ್ಲ ಅಕ್ಷರ ತಾನೇ ಬರೆದು, ಆ ಕೊಕ್ಕೆಯನ್ನು ಮಾತ್ರ ಅಂಗಡಿಯವರ ಕೈಯಿಂದಲೇ ಬರೆಸುತ್ತಾಳೆ.

ಎಂಟೂಮುಕ್ಕಾಲಿಗೆ ಬೋರ್ಡನ್ನು ಗೋಡೆಗೆ ಒರಗಿಸಿ ಉದ್ದಣ್ಣನ ಕೈಗೆ ಕುಂಚ ಕೊಟ್ಟಳು.

"ನಾವಿಬ್ರೂ ಇದೀವಲ್ಲ, ಎರಡು ಕೊಕ್ಕೆ ಇಡ್ರೀ," ಎಂದರು ಉದ್ದಣ್ಣನ ಹೆಂಡತಿ.

"ಬೋರ್ಡಲ್ಲಿರೋದು ಒಬ್ರ ಹೆಸರು ಅಕ್ಕ, ಒಂದೇ ಸಾಕು," ಎಂದೆ ಮೆಲ್ಲಗೆ.

"ಹೆಸರು ಅವರದು, ಕಸ ಗುಡಿಸೋದು ನಾನು!"

ಉದ್ದಣ್ಣ ನಗುತ್ತಲೇ ಕುಂಚ ಎತ್ತಿದರು. ಕೈ ಗಡಗಡ ನಡುಗಿತು. ಕೊಕ್ಕೆ ಇಡಬೇಕಾದ ಜಾಗದಲ್ಲೇ ದಪ್ಪ ಕೆಂಪು ಹನಿಯೊಂದು ಬಿದ್ದು ಹಳದಿ ಬಣ್ಣದ ಮೇಲೆ ಗೇಣುದ್ದ ಇಳಿಯಿತು.

"ಅಯ್ಯೋ, ಕೆಟ್ಟೆ! ಹದಿನೈದು ನಿಮಿಷದಲ್ಲಿ ಬರ್ತಾರಮ್ಮ ಯಜಮಾನ್ರು."

ಚಿಕ್ಕಮ್ಮ ಬಟ್ಟೆ ಹಿಡಿದು ಮುಂದೆ ಬಂದಳು. "ಒರೆಸಿದ್ರೆ ಎಲ್ಲಾ ಮೆತ್ಕೊಳ್ಳುತ್ತೆ," ಎಂದು ಅಲ್ಲೇ ನಿಂತುಬಿಟ್ಟಳು.

ಉದ್ದಣ್ಣ ಬೋರ್ಡನ್ನು ಒಂದು ಕ್ಷಣ ದಿಟ್ಟಿಸಿದರು. ಒಳಗೆ ಹೋಗಿ ಕ್ಷೌರದ ಕತ್ತಿ ತಂದರು. ಎಡಗೈಯಿಂದ ಬೋರ್ಡಿನ ಅಂಚನ್ನು ಯಾರದೋ ಗಲ್ಲ ಹಿಡಿದಂತೆ ಹಿಡಿದು, ನೊರೆ ತೆಗೆದ ಹಾಗೆ ಹಸಿ ಬಣ್ಣವನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತಕ್ಕೆ ತೆಗೆದರು. ಈಗ ಕೈ ಕದಲಲೇ ಇಲ್ಲ. ಮೇಲೆ ಉಳಿದ ಹನಿಯನ್ನು ಮೀಸೆಯ ತುದಿ ತಿದ್ದುವಂತೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಕೆರೆದರು. ಬಾಲ ಬಾಗಿದ ಚೊಕ್ಕ ಕೊಕ್ಕೆ ಉಳಿಯಿತು.

"ಬೋರ್ಡಿಗೇ ಗಡ್ಡ ಕೆರೆದ್ರಲ್ಲ, ಪುಣ್ಯಾತ್ಮ!" ಎಂದು ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾವು ಬೋರ್ಡ್ ಏರಿಸಿ ಮೊಳೆ ಹೊಡೆಯುವಷ್ಟರಲ್ಲಿ ಯಜಮಾನರು ಬಂದೇಬಿಟ್ಟರು. ಕತ್ತೆತ್ತಿ ನೋಡಿದರು.

"ಆ ಕೊಕ್ಕೆ ಯಾರಯ್ಯಾ ಇಟ್ಟಿದ್ದು?"

"ನಾನೇ ಅಣ್ಣ."

"ಹಂಗಾದ್ರೆ ಬಾ, ನೀನೇ ಕೆರಿ," ಎಂದು ಹೊಸ ಕುರ್ಚಿಯಲ್ಲಿ ಕುಳಿತು ಗಲ್ಲ ಮೇಲೆತ್ತಿದರು.

ಮುಂದಿನ ಬೋರ್ಡ್ ಸೈಕಲ್ ಅಂಗಡಿಯದು; ನಾಳೆ ಬೆಳಿಗ್ಗೆ ನಾನು ಅದರ ಹಲಗೆಗೆ ಉಪ್ಪುಕಾಗದ ಉಜ್ಜಲು ಹೋಗುತ್ತೇನೆ, ಅಲ್ಲೂ ಕೊಕ್ಕೆ ಅಂಗಡಿಯವರದೇ.