ಹೆಬ್ಬೆಟ್ಟು ಒತ್ತಿಸದ ಸಿಸ್ಟರ್

ಸಾಬೂನು ನೀರಿಗೆ ಸಿಕ್ಕಿ ಸಿಕ್ಕಿ ನಮ್ಮ ಶಿಶು ವಾರ್ಡಿನ ಸಿಸ್ಟರ ಬೆರಳ ಗೆಣ್ಣುಗಳೆಲ್ಲ ಬಿರುಕು ಬಿಟ್ಟಿದ್ದವು. ತಣ್ಣನೆಯ ಕೈಗೆ ಕೂಸು ಬೆಚ್ಚುತ್ತದೆಂದು, ಮುಟ್ಟುವ ಮೊದಲು ಅಂಗೈಗಳನ್ನು ಬಿಸಿಯಾಗುವ ತನಕ ಉಜ್ಜುತ್ತಿದ್ದರು.

ಆಗ ನಾನು ಮೈಸೂರಿನಿಂದ ಪುಣೆಗೆ ಬಂದ ಹೊಸ ಡಾಕ್ಟರ್. ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಒಂದು ಬಗೆಯ ಹನಿ ಕೊಟ್ಟರೆ ಸೋಂಕು ತಪ್ಪುತ್ತದೆಯೇ ಎಂದು ನಮ್ಮ ಆಸ್ಪತ್ರೆಯಲ್ಲಿ ಅಧ್ಯಯನ ನಡೆದಿತ್ತು. ಚೀಟಿ ಎತ್ತಿದ ಹಾಗೆ ಅರ್ಧ ಕೂಸುಗಳಿಗೆ ಹನಿ, ಉಳಿದವಕ್ಕೆ ಇಲ್ಲ. ತಾಯಂದಿರ ಒಪ್ಪಿಗೆ ಪಡೆಯುವ ಕೆಲಸ ಸಿಸ್ಟರದು. ಸಿಸ್ಟರ್ ಕಲಬುರಗಿ ಕಡೆಯವರು, ಕಟ್ಟಡ ಕೆಲಸಕ್ಕೆ ಬಂದ ಅಪ್ಪ ಅವ್ವನ ಜೊತೆ ಇಲ್ಲಿನ ತಗಡಿನ ಶೆಡ್ಡುಗಳಲ್ಲೇ ಬೆಳೆದವರು.

ಒಂದು ಮಧ್ಯಾಹ್ನ, ಊರಂಚಿನ ಖರಾಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದ ಅವರ ಸೀಮೆಯ ಹೆಂಗಸಿಗೆ ಅಂಗೈಯಷ್ಟು ಮಗು ಹುಟ್ಟಿತು. ಸಂಜೆಯೊಳಗೆ ಅದನ್ನು ಅಧ್ಯಯನಕ್ಕೆ ಸೇರಿಸಬೇಕು. ಒಪ್ಪಿಗೆ ಪತ್ರ ಮರಾಠಿಯಲ್ಲಿತ್ತು. ಆಕೆಗೆ ಓದು ಬಾರದು.

“ಹೆಬ್ಬೆಟ್ಟು ಒತ್ತಿಸಿಬಿಡಿ ಸಿಸ್ಟರ್, ಟೈಮ್ ಇಲ್ಲ” ಎಂದೆ.

ಸಿಸ್ಟರ್ ಶಾಯಿಯ ಡಬ್ಬಿಯನ್ನು ಜೇಬಿಗಿಳಿಸಿ, “ಆಕಿಗಿ ತಿಳೀಲಾರ್ದ ನಾ ಒತ್ತಸಂಗಿಲ್ರಿ” ಎಂದರು.

“ದೊಡ್ಡ ಡಾಕ್ಟರಿಗೆ ಹೇಳಬೇಕಾಗತ್ತೆ.”

“ಹೇಳ್ರಿ. ನಾನೂ ಬರ್ತೀನಿ. ಮೊದಲ ಈಕಿ ಜೋಡಿ ಮಾತಾಡ್ತೀನಿ.”

ಮಂಚದ ಬದಿಗೆ ಕೂತು ಆಕೆಗೆ ಹೇಳಿದರು: “ಈ ಹನಿ ಚಲೋ ಮಾಡ್ತದೋ ಇಲ್ಲೋ, ನಮಗೂ ಗೊತ್ತಿಲ್ಲವ್ವ. ಗೊತ್ತು ಮಾಡ್ಕೋಬೇಕಂತನ ಕೇಳ್ಲಿಕತ್ತೀವಿ. ನೀ ಬ್ಯಾಡಂದ್ರೂ ಕೂಸಿನ ಔಷಧ ನಿಲ್ಲಂಗಿಲ್ಲ.”

ನಮಗೂ ಗೊತ್ತಿಲ್ಲ. ಆ ಮಾತನ್ನು ನಾನು ಯಾವ ತಾಯಿಗೂ ಹೇಳಿರಲಿಲ್ಲ.

ಆಕೆ ಮಗುವನ್ನು ನೋಡಿ, “ಬ್ಯಾಡ್ರಿ ಅಕ್ಕಾ” ಎಂದಳು. ಸಿಸ್ಟರ್ ‘ಒಪ್ಪಲಿಲ್ಲ’ ಎಂದು ಬರೆದು, ಎದ್ದು ಹೋಗಿ ಕೂಸಿನ ಹಾಲಿನ ನಳಿಕೆ ಸರಿಮಾಡಿದರು. ಹನಿಯಿಲ್ಲದೆಯೇ ಆ ಮಗು ಉಳಿಯಿತು. ಉಳಿಯದಿದ್ದರೂ ಅವರು ಮಾಡಿದ್ದು ಸರಿಯೇ.

ನಾನು ದೊಡ್ಡ ಡಾಕ್ಟರಿಗೆ ದೂರು ಕೊಟ್ಟೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಅವರನ್ನು ಬೇರೆ ವಾರ್ಡಿಗೆ ಹಾಕಿದರು. ತಪ್ಪಾಯಿತೆಂದು ಬರೆದುಕೊಟ್ಟರೆ ವಾಪಸು ಕರೆಸುತ್ತೇವೆ ಎಂದರು. ಸಿಸ್ಟರ್ ಬರೆದುಕೊಡಲಿಲ್ಲ. ಬದಲಿಗೆ ದಿನಾ ಊಟದ ಬಿಡುವಿನಲ್ಲಿ ನಮ್ಮ ವಾರ್ಡಿಗೆ ಬಂದು, ಕನ್ನಡದ ತಾಯಂದಿರ ಪಕ್ಕ ಕೂತು ಆ ಪತ್ರವನ್ನು ಬಿಡಿಸಿ ಹೇಳತೊಡಗಿದರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ದಿನ ನಾನೇ ಹೋಗಿ, “ನನಗೂ ಕಲಿಸಿ” ಎಂದೆ. ಸರಿದು ಜಾಗ ಕೊಟ್ಟರು.

ಹೋದ ವರ್ಷ ಸಿಸ್ಟರ್ ಕ್ಯಾನ್ಸರಿನಿಂದ ತೀರಿಕೊಂಡರು. ಈಗಿನ ಹೊಸ ಅಧ್ಯಯನಕ್ಕೆ ನಾನೇ ಹೊಣೆ. ತಾಯಿ ಆಡುವ ಭಾಷೆಯಲ್ಲೇ ಪೂರ್ತಿ ವಿವರಿಸದೆ ಒಂದು ಕೂಸನ್ನೂ ಸೇರಿಸುವುದಿಲ್ಲ. ಕೆಲಸ ನಿಧಾನವೆಂದು ಮೇಲಿನವರು ಪ್ರತಿ ಮೀಟಿಂಗಿನಲ್ಲೂ ಬೈಯುತ್ತಾರೆ. ಬೈಯಲಿ. “ನಿಧಾನವೇ ಆಗುತ್ತದೆ” ಎಂದು ಹೇಳಿ ಕೂರುತ್ತೇನೆ.